ನಟನ ಗಳಿಕೆ, ನಿರ್ದೇಶಕನ ವೆಚ್ಚ

ಶಂಕರ್‌ನಾಗ್ ಅವರಿಗೆ ಕರ್ನಾಟಕದಲ್ಲಿ ಎರಡು ಬಗೆಯ ಸ್ಮಾರಕಗಳಿವೆ. ಒಂದು, ಬೆಂಗಳೂರಿನ ಯಾವ ರಸ್ತೆಯಲ್ಲಿ ಹತ್ತು ನಿಮಿಷ ನಿಂತರೂ ಕಣ್ಣಿಗೆ ಬೀಳುವಂಥದು: ಆಟೊರಿಕ್ಷಾದ ಬೆನ್ನಿಗೆ ಅಂಟಿಸಿದ ‘ಆಟೋ ರಾಜ’ನ ಚಿತ್ರ. ಇನ್ನೊಂದನ್ನು ನೋಡಬೇಕಾದರೆ ಶಿವಮೊಗ್ಗದಿಂದ ತಾಳಗುಪ್ಪದ ಕಡೆಗೆ ಹೋಗುವ ರೈಲುಮಾರ್ಗದಲ್ಲಿ ಅರಸಾಳು ಎಂಬ ಸಣ್ಣ ನಿಲ್ದಾಣದಲ್ಲಿ ಇಳಿಯಬೇಕು. ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಕಾಣಿಸಿಕೊಂಡ ಅಲ್ಲಿನ ಹಳೆಯ ನಿಲ್ದಾಣವನ್ನು ನೈರುತ್ಯ ರೈಲ್ವೆಯು 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ರೂಪಿಸಿತು. ಧಾರಾವಾಹಿಗೆ ಕಲಾ ನಿರ್ದೇಶನ ಮಾಡಿದ್ದ ಜಾನ್ ದೇವರಾಜ್ ಅವರೇ ಈ ಕೆಲಸಕ್ಕೂ ಕೈಹಚ್ಚಿದರು.

ಈ ಎರಡು ಸ್ಮಾರಕಗಳಿಗೆ ನಮಸ್ಕರಿಸುವವರು ಬಹುಮಟ್ಟಿಗೆ ಬೇರೆ ಬೇರೆ ಜನ. ಆಟೊ ಚಾಲಕನಿಗೆ ನಟ ಶಂಕರ್‌ನಾಗ್ ಬೇಕು. ಅರಸಾಳಿಗೆ ಕಾರು ಮಾಡಿಕೊಂಡು ಹೋಗುವ ಮಧ್ಯಮವರ್ಗದ ಕುಟುಂಬಕ್ಕೆ ನಿರ್ದೇಶಕ ಶಂಕರ್‌ನಾಗ್ ಬೇಕು. ನಮ್ಮ ಸಾಂಸ್ಕೃತಿಕ ವಲಯದಲ್ಲಿ ಅವರನ್ನು ನೆನೆಯುವ ಕ್ರಮವೂ ಈ ವಿಭಜನೆಯನ್ನೇ ಅನುಸರಿಸಿದೆ. ಅಸಾಧಾರಣ ಪ್ರತಿಭೆಯ ರಂಗಕರ್ಮಿಯೊಬ್ಬ ಗಾಂಧಿನಗರದ ಹೊಡೆದಾಟದ ಚಿತ್ರಗಳಲ್ಲಿ ಕಳೆದುಹೋದ, ಮಾಲ್ಗುಡಿಯೊಂದು ಆತನ ಮಾನ ಉಳಿಸಿತು ಎಂಬ ಧಾಟಿಯ ಮಾತುಗಳನ್ನು ಪ್ರತಿವರ್ಷ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಕೇಳುತ್ತೇವೆ. ಇದರಲ್ಲಿ ಕನಿಕರವಿದೆ, ಆದರೆ ಲೆಕ್ಕ ತಪ್ಪಿದೆ. ಜಮಾ ಪುಟವನ್ನು ಹರಿದುಹಾಕಿ ಖರ್ಚಿನ ಪುಟವನ್ನಷ್ಟೇ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಂತಾಗಿದೆ.

ಅರ್ಥಶಾಸ್ತ್ರದಲ್ಲಿ ‘ಕ್ರಾಸ್ ಸಬ್ಸಿಡಿ’ ಎಂಬ ಮಾತಿದೆ. ರೈಲ್ವೆ ಇಲಾಖೆಯು ಸರಕು ಸಾಗಣೆಯಿಂದ ಬಂದ ಆದಾಯದಲ್ಲಿ ಪ್ರಯಾಣಿಕರ ದರವನ್ನು ತಗ್ಗಿಸಿ ಇಟ್ಟಿರುವುದು ಇದಕ್ಕೆ ಎಲ್ಲರೂ ಬಲ್ಲ ಉದಾಹರಣೆ. ಕಲ್ಲಿದ್ದಲು, ಸಿಮೆಂಟು ಸಾಗಿಸುವವನು ತನಗೆ ಅರಿವಿಲ್ಲದೆಯೇ ಎರಡನೆಯ ದರ್ಜೆಯ ಪ್ರಯಾಣಿಕನ ಟಿಕೆಟಿನ ಒಂದು ಭಾಗವನ್ನು ಭರಿಸುತ್ತಿರುತ್ತಾನೆ. ಶಂಕರ್‌ನಾಗ್ ಅವರ ವೃತ್ತಿಜೀವನವನ್ನು ಈ ದೃಷ್ಟಿಯಿಂದ ನೋಡಿದಾಗ ಅದರ ಅನೇಕ ವೈರುಧ್ಯಗಳು ವೈರುಧ್ಯಗಳಾಗಿ ಉಳಿಯುವುದಿಲ್ಲ.

1954ರ ನವೆಂಬರ್ 9ರಂದು ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಸೀಮೆಯಲ್ಲಿ ಹುಟ್ಟಿದ ಶಂಕರ್ ಅವರ ಮನೆಮಾತು ಕೊಂಕಣಿ. ಅಣ್ಣ ಅನಂತನಾಗ್ ಅವರಂತೆ ಇವರೂ ಮುಂಬೈಗೆ ಹೋದರು, ಮರಾಠಿ ರಂಗಭೂಮಿಯಲ್ಲಿ ಬೆಳೆದರು. ಮುಂದೆ ಬಾಳಸಂಗಾತಿಯಾದ ಅರುಂಧತಿ ಅವರ ಪರಿಚಯವಾದದ್ದೂ ರಂಗಭೂಮಿಯಲ್ಲೇ. ಚಾಪೇಕರ್ ಸೋದರರನ್ನು ಕುರಿತ ‘22 ಜೂನ್ 1897’ ಎಂಬ ಮರಾಠಿ ಚಿತ್ರದ ಚಿತ್ರಕಥೆಯಲ್ಲಿ ಅವರ ಪಾಲಿದೆ. ಆ ಚಿತ್ರ 1979ರದು. ಅಂದರೆ ಚಿತ್ರರಂಗದಲ್ಲಿ ಕಾಲೂರುತ್ತಿದ್ದ ದಿನಗಳಲ್ಲೇ ಅವರ ಒಂದು ಕೈ ಬರವಣಿಗೆಯಲ್ಲಿತ್ತು. ‘ನಟನಾಗಿದ್ದು ನಿರ್ದೇಶಕನಾದವರು’ ಎಂದು ನಾವು ಅವರನ್ನು ಬಣ್ಣಿಸುತ್ತೇವೆ. ಕ್ರಮಸಂಖ್ಯೆಯ ದೃಷ್ಟಿಯಿಂದ ಅದು ಸರಿ. ಸ್ವಭಾವದ ದೃಷ್ಟಿಯಿಂದ, ನಟನೆಯಿಂದ ಸಂಪಾದನೆ ಮಾಡಿದ ಒಬ್ಬ ನಿರ್ದೇಶಕ ಎಂದರೆ ಹೆಚ್ಚು ಸರಿಯಾದೀತು.

ಕನ್ನಡ ಪರದೆಗೆ ಅವರನ್ನು ತಂದವರು ಗಿರೀಶ ಕಾರ್ನಾಡರು. 1978ರ ‘ಒಂದಾನೊಂದು ಕಾಲದಲ್ಲಿ’ ಚಿತ್ರದಲ್ಲಿ ಬಾಡಿಗೆ ಯೋಧ ಗಂಡುಗಲಿಯಾಗಿ ಅವರು ಕಾಣಿಸಿಕೊಂಡರು. ಕುರೊಸಾವಾ ಅವರ ಸಮುರಾಯ್ ಚಿತ್ರಗಳ ಪ್ರಭಾವದಿಂದ ಮೂಡಿದ ಈ ಚಿತ್ರದ ಪಾತ್ರಕ್ಕಾಗಿ ಅವರಿಗೆ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ದೊರೆಯಿತು. ಇಪ್ಪತ್ತನಾಲ್ಕರ ತರುಣನಿಗೆ ಮೊದಲ ಚಿತ್ರದಲ್ಲೇ ಇಂಥ ಮನ್ನಣೆ! ಆದರೆ ಪ್ರಶಸ್ತಿಯಿಂದ ಮನೆಬಾಡಿಗೆ ಕಟ್ಟಲಾಗದು. ಹೊಸ ಅಲೆಯ ಚಿತ್ರಗಳಿಗೆ ಸರ್ಕಾರದ ಸಹಾಯಧನವಿತ್ತು, ಚಿತ್ರಸಮಾಜಗಳ ಗೌರವವಿತ್ತು, ಚಿತ್ರಮಂದಿರಗಳು ಮಾತ್ರ ಇರಲಿಲ್ಲ. ಕಲಾವಿದನಿಗೆ ನಿಯಮಿತ ಆದಾಯ ಕೊಡಬಲ್ಲ ಶಕ್ತಿ ಆ ಮಾರುಕಟ್ಟೆಗೆ ಎಂದೂ ಬರಲಿಲ್ಲ.

ಇನ್ನೊಂದು ಮಾರುಕಟ್ಟೆಗೆ ಆ ಶಕ್ತಿಯಿತ್ತು. 1979ರಲ್ಲಿ ‘ಸೀತಾರಾಮು’, 1980ರಲ್ಲಿ ‘ಆಟೋ ರಾಜ’ ತೆರೆಕಂಡವು. ಚುರುಕು ನಡಿಗೆಯ, ನಮ್ಮ ನಿಮ್ಮ ಪಕ್ಕದ ಬೀದಿಯವನಂತೆ ಕಾಣುವ ಈ ತರುಣನನ್ನು ಗಾಂಧಿ ಕ್ಲಾಸಿನ ಪ್ರೇಕ್ಷಕ ತನ್ನವನೆಂದು ಒಪ್ಪಿಕೊಂಡ; ‘ಕರಾಟೆ ಕಿಂಗ್’ ಎಂಬ ಬಿರುದನ್ನೂ ಕೊಟ್ಟ. ನಿರ್ಮಾಪಕರು ಸಾಲುಗಟ್ಟಿದರು. ಹನ್ನೆರಡು ವರ್ಷಗಳಲ್ಲಿ ಅವರು ನಟಿಸಿದ ಚಿತ್ರಗಳು ಎಂಬತ್ತಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು ಇಂದು ಅವರ ಅಭಿಮಾನಿಗಳಿಗೂ ಮರೆತುಹೋಗಿವೆ. ಅವನ್ನು ಹೊಗಳುವ ಅಗತ್ಯವಿಲ್ಲ.

ಗಮನಿಸಬೇಕಾದದ್ದು ಬೇರೆಯೇ ಇದೆ. ‘ಆಟೋ ರಾಜ’ ತೆರೆಗೆ ಬಂದ 1980ರಲ್ಲೇ ಅವರು ‘ಮಿಂಚಿನ ಓಟ’ ಚಿತ್ರವನ್ನು ನಿರ್ದೇಶಿಸಿದರು. ಸಾಮಾನ್ಯವಾಗಿ ತಾರೆಯೊಬ್ಬ ನಿರ್ದೇಶನಕ್ಕೆ ಇಳಿಯುವುದು ತನ್ನ ಬೇಡಿಕೆ ಇಳಿಮುಖವಾದಾಗ ಅಥವಾ ತನ್ನ ವರ್ಚಸ್ಸನ್ನು ಇನ್ನಷ್ಟು ಎತ್ತರಿಸಿಕೊಳ್ಳಬೇಕೆನಿಸಿದಾಗ. ಇವರು ಇಳಿದದ್ದು ಬೇಡಿಕೆ ಏರತೊಡಗಿದ ವರ್ಷದಲ್ಲೇ. ಕಾರುಗಳ್ಳರ ಕಥೆಯನ್ನು ಹೇಳುವ ಆ ಚಿತ್ರದಲ್ಲಿ ಅನಂತನಾಗ್, ಲೋಕೇಶ್, ಶಂಕರ್ ಮೂವರೂ ಇದ್ದರು. ತಾನೇ ನಡುವೆ ನಿಂತು ಉಳಿದವರನ್ನು ಅಂಚಿಗೆ ಸರಿಸುವ ನಾಯಕನ ಚಿತ್ರ ಅದಾಗಿರಲಿಲ್ಲ. ಕೈಗೆ ಬಂದ ಮೊದಲ ಗಳಿಕೆಯನ್ನು ಅವರು ತಮ್ಮ ಚಿತ್ರಬಿಂಬದ ಮೇಲೆ ಹೂಡದೆ ತಮ್ಮ ಕಸುಬಿನ ಮೇಲೆ ಹೂಡಿದರು.

ಅದೇ ವರ್ಷದ ‘ಜನ್ಮ ಜನ್ಮದ ಅನುಬಂಧ’ದಲ್ಲಿ ಅಣ್ಣ ಅನಂತನಾಗ್ ಪ್ರಧಾನ ಪಾತ್ರದಲ್ಲಿದ್ದರು. 1981ರ ‘ಗೀತಾ’ದಲ್ಲಿ ಮಾತ್ರ ಶಂಕರ್ ತಾವೇ ನಾಯಕರಾದರು. ಎರಡಕ್ಕೂ ಇಳಯರಾಜಾ ಅವರ ಸಂಗೀತ. ‘ಗೀತಾ’ದ ಹಾಡುಗಳು ಇಂದಿಗೂ ಎಫ್‌ಎಂ ಕೇಂದ್ರಗಳ ಬಂಡವಾಳವಾಗಿವೆ, ಹಾಡುಗಳನ್ನು ತೆಗೆದಿಟ್ಟು ನೋಡಿದರೆ ಚಿತ್ರ ಸಾಧಾರಣವೆಂಬುದು ನನ್ನ ಅಭಿಪ್ರಾಯ.

ಗಳಿಕೆಯ ಇನ್ನೊಂದು ಭಾಗ ಹರಿದದ್ದು ಚಿತ್ರಗಳಿಗಲ್ಲ, ಸೌಕರ್ಯಗಳಿಗೆ. ಕನ್ನಡ ಚಿತ್ರರಂಗ ಬಹುಕಾಲ ಮದರಾಸಿನ ಆಶ್ರಯದಲ್ಲಿತ್ತು. ಕಥೆ ಇಲ್ಲಿಯದು, ಪ್ರೇಕ್ಷಕ ಇಲ್ಲಿಯವನು. ಹಾಡಿನ ಧ್ವನಿಮುದ್ರಣ, ಡಬ್ಬಿಂಗ್, ಸಂಸ್ಕರಣೆ ಎಲ್ಲಕ್ಕೂ ರೈಲು ಹತ್ತಬೇಕು. ನಿರ್ಮಾಪಕನ ವೆಚ್ಚದಲ್ಲಿ ಒಂದು ಪಾಲು ಹೀಗೆ ಪ್ರಯಾಣಕ್ಕೂ ಹೋಟೆಲಿಗೂ ಸೋರಿಹೋಗುತ್ತಿತ್ತು. ಶಂಕರ್ ಮತ್ತು ಅವರ ಬಳಗ ಬೆಂಗಳೂರಿನಲ್ಲಿ ‘ಸಂಕೇತ್’ ಧ್ವನಿಮುದ್ರಣ ಸ್ಟುಡಿಯೊ ಸ್ಥಾಪಿಸಿದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಯೋಜನಾ ಆಯೋಗದ ಭಾಷೆಯಲ್ಲಿ ಹೇಳುವುದಾದರೆ ಇದು ‘ಆಮದು ಬದಲಿ’ ನೀತಿ. ಸರ್ಕಾರ ತನ್ನ ಪಾಲಿಗೆ 1960ರ ದಶಕದಲ್ಲಿ ಕಂಠೀರವ ಸ್ಟುಡಿಯೊ ಕಟ್ಟಿತ್ತು ನಿಜ. ಆದರೆ ದಿನಗೂಲಿಯಂತೆ ದುಡಿಯುತ್ತಿದ್ದ ನಟನೊಬ್ಬ ಜಮೀನು, ಬಂಗಲೆ, ಕಲ್ಯಾಣಮಂಟಪಗಳ ಕಡೆ ತಿರುಗದೆ ಯಂತ್ರೋಪಕರಣಗಳ ಮೇಲೆ ಹಣ ಹಾಕಿದ್ದು ನಮ್ಮ ಚಿತ್ರರಂಗದಲ್ಲಿ ಅಪರೂಪದ ಸಂಗತಿ. ಆ ಕಾಲದಲ್ಲಿ ತಾರೆಯರ ಉಳಿತಾಯ ಎಲ್ಲಿಗೆ ಹೋಗುತ್ತಿತ್ತೆಂಬುದನ್ನು ನೋಂದಣಿ ಕಚೇರಿಗಳ ಪುಸ್ತಕಗಳನ್ನು ತಿರುವಿದವರು ಬಲ್ಲರು.

‘ಸಂಕೇತ್’ ಎಂಬುದು ಅವರ ನಾಟಕ ತಂಡದ ಹೆಸರೂ ಹೌದು. ‘ಅಂಜುಮಲ್ಲಿಗೆ’, ‘ಸಂಧ್ಯಾಛಾಯಾ’, ‘ನೋಡಿ ಸ್ವಾಮಿ ನಾವಿರೋದು ಹೀಗೆ’ಯಂಥ ನಾಟಕಗಳನ್ನು ಆ ತಂಡ ಆಡಿತು. ಸಿನಿಮಾ ತಾರೆ ರಂಗದ ಮೇಲೆ ಬರುತ್ತಾನೆಂದರೆ ನಾಟಕದ ಟಿಕೆಟು ಮಾರುವುದು ಸುಲಭ. ಪರದೆಯ ಜನಪ್ರಿಯತೆಯನ್ನು ರಂಗಮಂದಿರದ ಬಾಗಿಲಲ್ಲಿ ನಗದು ಮಾಡಿಕೊಂಡದ್ದು ಸಹ ಅದೇ ಕ್ರಾಸ್ ಸಬ್ಸಿಡಿಯ ಇನ್ನೊಂದು ರೂಪ.

ನಿರ್ದೇಶಕರಾಗಿ ಅವರ ಅತ್ಯಂತ ಬಿಗಿಯಾದ ಚಿತ್ರ ‘ಆ್ಯಕ್ಸಿಡೆಂಟ್’ ಎಂದು ನಾನು ಭಾವಿಸಿದ್ದೇನೆ. ಅಮಲಿನಲ್ಲಿ ಕಾರು ಓಡಿಸಿದ ರಾಜಕಾರಣಿಯ ಮಗ ಪಾದಚಾರಿ ಮಾರ್ಗದಲ್ಲಿ ಮಲಗಿದ್ದವರ ಮೇಲೆ ಹರಿಸಿಬಿಡುತ್ತಾನೆ. ಪತ್ರಕರ್ತನೊಬ್ಬ ಸತ್ಯದ ಬೆನ್ನುಹತ್ತುತ್ತಾನೆ. ಅಧಿಕಾರದಲ್ಲಿರುವ ತಂದೆ ಸಾಕ್ಷ್ಯವನ್ನು ಕರಗಿಸತೊಡಗುತ್ತಾನೆ. ಪತ್ರಕರ್ತನ ಪಾತ್ರ ಶಂಕರ್ ಅವರದು, ತಂದೆಯ ಪಾತ್ರ ಅನಂತನಾಗ್ ಅವರದು. ‘ಇತರ ಸಾಮಾಜಿಕ ವಿಷಯಗಳ ಕುರಿತ ಶ್ರೇಷ್ಠ ಚಿತ್ರ’ವೆಂಬ ರಾಷ್ಟ್ರಪ್ರಶಸ್ತಿ ಇದಕ್ಕೆ ಸಂದಿತು. ಮೂವತ್ತು ವರ್ಷಕ್ಕೂ ಮಿಕ್ಕಿ ಕಡತಗಳ ನಡುವೆ ಬದುಕಿದ ನನಗೆ ಈ ಚಿತ್ರದಲ್ಲಿ ಮೆಚ್ಚಿಗೆಯಾದದ್ದು ಅದರ ಆಕ್ರೋಶವಲ್ಲ, ಆಡಳಿತದ ಬಗೆಗಿನ ತಿಳಿವಳಿಕೆ. ನ್ಯಾಯ ಸೋಲುವುದು ಒಬ್ಬ ಖಳನ ಒಂದು ಆಜ್ಞೆಯಿಂದಲ್ಲ. ಒಂದು ಮೇಜಿನ ಮೇಲೆ ಕಾಗದ ತಡವಾಗುತ್ತದೆ, ಇನ್ನೊಂದು ಮೇಜಿನ ಮೇಲೆ ಒಂದು ಪದ ಬದಲಾಗುತ್ತದೆ, ಮೂರನೆಯ ಕಡೆ ದೂರವಾಣಿ ಬಾರಿಸುತ್ತದೆ. ಹೊಡೆದಾಟದ ಚಿತ್ರಗಳಲ್ಲಿ ಅನ್ಯಾಯವನ್ನು ಎರಡೂವರೆ ಗಂಟೆಯೊಳಗೆ ಮುಷ್ಟಿಯಿಂದ ಬಗೆಹರಿಸುತ್ತಿದ್ದ ನಟನೇ, ಮುಷ್ಟಿಗೆ ನಿಲುಕದ ಅನ್ಯಾಯವನ್ನು ಕುರಿತು ಚಿತ್ರ ಮಾಡಿದ್ದು ಕುತೂಹಲಕರ. ಮೊದಲನೆಯದರ ದುಡಿಮೆ ಇಲ್ಲದಿದ್ದರೆ ಎರಡನೆಯದಕ್ಕೆ ಯಾವ ಹಂಚಿಕೆದಾರನೂ ಕಿವಿಗೊಡುತ್ತಿರಲಿಲ್ಲ.

ಇನ್ನು ಮಾಲ್ಗುಡಿ. 1982ರ ಏಷ್ಯನ್ ಕ್ರೀಡಾಕೂಟದೊಂದಿಗೆ ನಮ್ಮ ದೂರದರ್ಶನಕ್ಕೆ ಬಣ್ಣ ಬಂದಿತು. 1984ರಲ್ಲಿ ‘ಹಮ್ ಲೋಗ್’ ಪ್ರಾಯೋಜಿತ ಧಾರಾವಾಹಿಯ ಹಾದಿ ತೆರೆಯಿತು. ಚಿತ್ರಮಂದಿರದ ಗಲ್ಲಾಪೆಟ್ಟಿಗೆಯನ್ನು ಅವಲಂಬಿಸದ, ಜಾಹೀರಾತುದಾರನ ಹಣದಿಂದ ನಡೆಯುವ ಹೊಸದೊಂದು ಮಾರುಕಟ್ಟೆ ಹೀಗೆ ಹುಟ್ಟಿಕೊಂಡಿತು. ನಿರ್ಮಾಪಕ ಟಿ.ಎಸ್. ನರಸಿಂಹನ್ ಅವರು ಆರ್.ಕೆ. ನಾರಾಯಣರ ಕಥೆಗಳನ್ನು ಧಾರಾವಾಹಿಯಾಗಿಸಲು ಹೊರಟಾಗ ನಿರ್ದೇಶನವನ್ನು ಶಂಕರ್‌ನಾಗ್ ಅವರಿಗೆ ಒಪ್ಪಿಸಿದರು. ನಾರಾಯಣರಿಗೆ ಚಿತ್ರರಂಗದ ವಿಷಯದಲ್ಲಿ ಹಳೆಯ ಕಹಿ ಇತ್ತು. 1965ರ ‘ಗೈಡ್’ ಹಿಂದಿ ಚಿತ್ರ ತಮ್ಮ ಪುಟ್ಟ ದಕ್ಷಿಣದ ಊರನ್ನು ರಾಜಸ್ಥಾನದ ಅರಮನೆಗಳ ಕಡೆಗೆ ಎತ್ತಿಕೊಂಡು ಹೋದದ್ದನ್ನು ಕುರಿತು ಅವರು ವ್ಯಂಗ್ಯ ತುಂಬಿದ ಪ್ರಬಂಧವನ್ನೇ ಬರೆದಿದ್ದರು. ಆದ್ದರಿಂದ ಮಾಲ್ಗುಡಿಯನ್ನು ಎಲ್ಲಿ ಹುಡುಕಬೇಕೆಂಬುದೇ ಮೊದಲ ಪ್ರಶ್ನೆಯಾಗಿತ್ತು.

ಉತ್ತರ ಸಿಕ್ಕಿದ್ದು ಆಗುಂಬೆಯಲ್ಲಿ. ದೊಡ್ಡಮನೆಯ ಮರದ ಕಂಬಗಳ ಜಗಲಿ, ಹೆಂಚಿನ ಸೂರು, ಒಂದು ತುದಿಯಿಂದ ಇನ್ನೊಂದು ತುದಿ ಕಾಣುವಂಥ ಬೀದಿ. ಕಾಲವನ್ನು ಹಿಂದಕ್ಕೆ ಕರೆದೊಯ್ಯಲು ಹೆಚ್ಚೇನನ್ನೂ ಕಟ್ಟಬೇಕಾಗಿರಲಿಲ್ಲ. ಮಳೆಗೆ ಹೆಸರಾದ ಊರಿನಲ್ಲಿ ಹೊರಾಂಗಣ ಚಿತ್ರೀಕರಣ ಮಾಡುವುದೆಂದರೆ ಪಂಚಾಂಗದೊಡನೆ ಜೂಜಾಡಿದಂತೆ, ಆದರೂ ಆಡಿದರು. ಭಾಷೆ ಹಿಂದಿ, ಆರಂಭದ ಕಂತುಗಳು ಇಂಗ್ಲಿಷಿನಲ್ಲೂ ತಯಾರಾದವು. ಅಖಿಲ ಭಾರತ ಪ್ರೇಕ್ಷಕವರ್ಗಕ್ಕೆ ಮಾಡುವ ಧಾರಾವಾಹಿಗೆ ಮುಂಬೈನ ಪರಿಚಿತ ಮುಖಗಳನ್ನು ಕರೆಸುವುದು ಸುರಕ್ಷಿತ ವ್ಯಾಪಾರವಾಗುತ್ತಿತ್ತು. ಶಂಕರ್ ಕರೆಸಿದ್ದು ಕನ್ನಡ ರಂಗಭೂಮಿಯವರನ್ನು. ಸ್ವಾಮಿಯ ತಂದೆಯಾಗಿ ಗಿರೀಶ ಕಾರ್ನಾಡ, ತಾಯಿಯಾಗಿ ವೈಶಾಲಿ ಕಾಸರವಳ್ಳಿ, ಮಿಠಾಯಿ ವ್ಯಾಪಾರಿ ಜಗನ್ ಆಗಿ ಅನಂತನಾಗ್. ಸ್ವಾಮಿಯಾದ ಮಾಸ್ಟರ್ ಮಂಜುನಾಥ್‌ಗೆ ಬಾಲನಟ ಪ್ರಶಸ್ತಿ ಬಂದಿತು. ಎಲ್. ವೈದ್ಯನಾಥನ್ ಅವರ ಆರಂಭದ ರಾಗವನ್ನು, ಆರ್.ಕೆ. ಲಕ್ಷ್ಮಣ್ ಅವರ ರೇಖೆಗಳನ್ನು ನೆನಪಿಸಬೇಕಾಗಿಯೇ ಇಲ್ಲ.

ಆಗ ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಕಿರಿಯ ಅಧಿಕಾರಿಯಾಗಿದ್ದೆ. ಸಮುದಾಯ ಭವನದ ಒಂದೇ ಟಿ.ವಿ.ಯ ಮುಂದೆ ಹಿಂದಿ ಅಕ್ಷರವೂ ತಿಳಿಯದ ಹಿರಿಯರು ಕುಳಿತು, ‘ಇದು ನಮ್ಮ ಕಡೆಯವರು ಮಾಡಿದ್ದು’ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದುದನ್ನು ನೋಡಿದ್ದೇನೆ. ಪಂಚೆ ಉಟ್ಟ ರೀತಿ, ಜಗಲಿಯಲ್ಲಿ ಕುಳಿತ ಭಂಗಿ ಅವರಿಗೆ ಭಾಷಾಂತರದ ಅಗತ್ಯವಿಲ್ಲದೆ ತಲುಪುತ್ತಿದ್ದವು.

ನಿರ್ಮಾಣದ ಹಣ ಇಲ್ಲಿ ಶಂಕರ್ ಅವರದಾಗಿರಲಿಲ್ಲ. ಹಾಗಿದ್ದರೆ ಕ್ರಾಸ್ ಸಬ್ಸಿಡಿಯ ವಾದ ಇಲ್ಲಿ ನಿಲ್ಲುವುದೇ ಎಂದು ಓದುಗರು ಕೇಳಬಹುದು. ಅರ್ಥಶಾಸ್ತ್ರ ಇದಕ್ಕೂ ಒಂದು ಹೆಸರು ಇಟ್ಟಿದೆ, ಅವಕಾಶ ವೆಚ್ಚ. ಬೇಡಿಕೆಯ ನಾಯಕನಟನೊಬ್ಬ ಆಗುಂಬೆಯಲ್ಲಿ ಕಳೆದ ಪ್ರತಿಯೊಂದು ದಿನವೂ ಬೇರೊಬ್ಬ ನಿರ್ಮಾಪಕನಿಗೆ ಕಾಲ್‌ಶೀಟಾಗಿ ಮಾರಬಹುದಾಗಿದ್ದ ದಿನವೇ. ಮೂವತ್ತೊಂಬತ್ತು ಕಂತುಗಳಿಗೆ ಬೇಕಾದ ದಿನಗಳನ್ನು ಅವರು ಹಾಗೆ ಮಾರಲಿಲ್ಲ. ಅವರ ನಂತರ, 2006ರಲ್ಲಿ, ಕವಿತಾ ಲಂಕೇಶ್ ಅವರು ಇನ್ನೂ ಹದಿನೈದು ಕಂತುಗಳನ್ನು ನಿರ್ದೇಶಿಸಿದರು.

ಎಲ್ಲ ಹೂಡಿಕೆಗಳೂ ಫಲಿಸಲಿಲ್ಲ. 1987ರ ‘ಒಂದು ಮುತ್ತಿನ ಕಥೆ’ಯಲ್ಲಿ ಅವರಿಗೆ ಕನ್ನಡದ ಅತಿದೊಡ್ಡ ತಾರೆಯೇ ದೊರೆತಿದ್ದರು. ಸ್ಟೈನ್‌ಬೆಕ್‌ನ ‘ದಿ ಪರ್ಲ್’ ಕಥೆಯನ್ನು ಕಡಲತಡಿಗೆ ತಂದು, ಡಾ. ರಾಜ್‌ಕುಮಾರ್ ಅವರನ್ನು ಬಡ ಬೆಸ್ತನನ್ನಾಗಿಸಿ, ನೀರಿನಾಳದಲ್ಲಿ ಕ್ಯಾಮೆರಾ ಇಳಿಸಿ ಮಾಡಿದ ಪ್ರಯತ್ನವದು. ನಿರೀಕ್ಷಿಸಿದಷ್ಟು ಜನ ಬರಲಿಲ್ಲ. ಮುತ್ತು ಸಿಕ್ಕಿದ ಮೇಲೆ ದುಃಖಿಯಾಗುವ ರಾಜ್‌ಕುಮಾರ್ ಅವರನ್ನು ನೋಡಲು ಅಭಿಮಾನಿ ಸಿದ್ಧನಿರಲಿಲ್ಲವೆಂದು ತೋರುತ್ತದೆ. ತಾರೆಯ ವರ್ಚಸ್ಸು ಎಂಬ ಬಂಡವಾಳವನ್ನು ಒಂದು ಉದ್ದೇಶದಿಂದ ಇನ್ನೊಂದಕ್ಕೆ ವರ್ಗಾಯಿಸುವುದು ಸರ್ಕಾರಿ ಅನುದಾನದ ಮರುವಿನಿಯೋಗಕ್ಕಿಂತ ಕಷ್ಟ.

ಈ ವ್ಯವಸ್ಥೆಗೆ ಒಂದು ಬೆಲೆಯಿತ್ತು, ಅದನ್ನು ಮುಚ್ಚಿಡಬಾರದು. ಎಂಬತ್ತು ಚಿತ್ರ ಕೊಟ್ಟ ಹನ್ನೆರಡು ವರ್ಷಗಳಲ್ಲಿ ಅವರು ನಿರ್ದೇಶಿಸಿದ್ದು ಹತ್ತರ ಆಸುಪಾಸು. ಹಣವನ್ನು ಸಾಲ ತರಬಹುದು, ದಿನವನ್ನು ತರಲಾಗದು. ಬೆಳಿಗ್ಗೆ ಒಂದು ಚಿತ್ರದ ಹೊಡೆದಾಟ, ಸಂಜೆ ನಾಟಕದ ತಾಲೀಮು, ರಾತ್ರಿ ಸ್ಟುಡಿಯೊ, ನಡುವೆ ಊರಿಂದೂರಿಗೆ ಪ್ರಯಾಣ ಎಂಬಂಥ ಬದುಕಿನಲ್ಲಿ, ಬರೆದುದನ್ನು ಹರಿದು ಮತ್ತೆ ಬರೆಯುವ ಬಿಡುವು ಎಲ್ಲಿಂದ ಬರಬೇಕು? ಅವರ ಕೆಲವು ಚಿತ್ರಗಳಲ್ಲಿ ಕಾಣುವ ಅವಸರಕ್ಕೆ ಇದೇ ಕಾರಣವಿರಬೇಕು. ಇದರ ಮೇಲೆ ರಾಜಕೀಯ ಬೇರೆ. ರಾಮಕೃಷ್ಣ ಹೆಗಡೆಯವರ ಕಾಲದ ಜನತಾ ಪಕ್ಷದ ಪರ ಸೋದರರಿಬ್ಬರೂ ಪ್ರಚಾರಕ್ಕಿಳಿದಿದ್ದರು. ಬೆಂಗಳೂರಿನ ಮೆಟ್ರೊ, ನಂದಿಬೆಟ್ಟದ ರೋಪ್‌ವೇ ಎಲ್ಲವೂ ಶಂಕರ್ ಕಂಡ ಕನಸುಗಳೆಂಬ ಮಾತು ಈಗ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ. ಅವರಿಗೆ ನಗರದ ಬಗ್ಗೆ ಕಾಳಜಿ ಇದ್ದದ್ದು ನಿಜ. ಆದರೆ 2011ರಲ್ಲಿ ಮೊದಲು ಓಡಿದ ಮೆಟ್ರೊ ರೈಲಿನ ಹಿಂದೆ ಎಷ್ಟೋ ಎಂಜಿನಿಯರುಗಳ, ಹಣಕಾಸು ಅಧಿಕಾರಿಗಳ ವರ್ಷಗಟ್ಟಲೆಯ ದುಡಿಮೆ ಇದೆ. ಮಾಡಿದ ಕೆಲಸವೇ ಇಷ್ಟಿರುವಾಗ ಅವರ ಖಾತೆಗೆ ಇತರರ ಜಮೆಯನ್ನು ಸೇರಿಸುವ ಅಗತ್ಯವಿಲ್ಲ.

ಕನ್ನಡದಲ್ಲಿ ನಟ–ನಿರ್ದೇಶಕರ ಪರಂಪರೆ ಆನಂತರವೂ ಮುಂದುವರಿದಿದೆ. ರವಿಚಂದ್ರನ್ ಅವರ 1987ರ ‘ಪ್ರೇಮಲೋಕ’ದಿಂದ ರಿಷಭ್ ಶೆಟ್ಟಿ ಅವರ 2022ರ ‘ಕಾಂತಾರ’ದವರೆಗೆ ದೊಡ್ಡ ಯಶಸ್ಸುಗಳನ್ನು ಅದು ಕಂಡಿದೆ. ಇವುಗಳಲ್ಲಿ ನಿರ್ದೇಶಕನು ಕಟ್ಟುವ ಲೋಕದ ನಡುವೆ ನಿಲ್ಲುವವನು ಅದೇ ನಟ. ಅದು ತಪ್ಪೇನಲ್ಲ, ಹೂಡಿದವನೇ ಲಾಭ ಪಡೆಯುವುದು ವ್ಯಾಪಾರದ ಸಹಜ ಕ್ರಮ. ಶಂಕರ್ ಅವರ ಲೆಕ್ಕದಲ್ಲಿ ಹೂಡಿದವನು ಒಬ್ಬ, ಬೆಳಕಿಗೆ ಬಂದವರು ಹಲವರು. ಮಾಲ್ಗುಡಿಯ ಬೀದಿಯಲ್ಲಿ ‘ಆಟೋ ರಾಜ’ನನ್ನು ಹುಡುಕಿದರೆ ಅಲ್ಲಿ ಸಿಗುವುದು ಒಬ್ಬ ಶಾಲಾ ಹುಡುಗ.

1990ರ ಸೆಪ್ಟೆಂಬರ್ 30ರಂದು, ದಾವಣಗೆರೆ ಬಳಿಯ ಆನಗೋಡಿನಲ್ಲಿ, ಚಿತ್ರೀಕರಣಕ್ಕೆಂದು ಹೊರಟಿದ್ದ ಅವರ ಕಾರು ಅಪಘಾತಕ್ಕೀಡಾಯಿತು. ಆಗ ಅವರಿಗೆ ಮೂವತ್ತಾರು ತುಂಬಿರಲಿಲ್ಲ. ಅದೇ ಕಾರಿನಲ್ಲಿದ್ದು ತೀವ್ರವಾಗಿ ಗಾಯಗೊಂಡ ಅರುಂಧತಿ ನಾಗ್ ಅವರು ಚೇತರಿಸಿಕೊಂಡು, 2004ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ‘ರಂಗಶಂಕರ’ವನ್ನು ತೆರೆದರು. ಅದನ್ನು ಕಟ್ಟಲು ಹದಿನಾಲ್ಕು ವರ್ಷ ಹಿಡಿಯಿತೆಂಬುದು ಗಮನಾರ್ಹ. ಟ್ರಸ್ಟಿನ ಹೆಸರಿನಲ್ಲಿ, ದಾನಿಗಳ ಬಾಗಿಲು ತಟ್ಟಿ, ಕಾಗದಪತ್ರಗಳ ಹಿಂದೆ ಅಲೆದು ಹಣ ಕೂಡಿಸಬೇಕಾಯಿತು. ಒಬ್ಬ ನಟನ ಮುಂದಿನ ನಾಲ್ಕು ಕಾಲ್‌ಶೀಟುಗಳನ್ನು ನಂಬಿ ಕೆಲಸ ಆರಂಭಿಸಿಬಿಡುವ ಅನುಕೂಲ ಆಗ ಇರಲಿಲ್ಲ.

ಶಂಕರ್ ತೀರಿಕೊಂಡ ಮೇಲೂ ಅವರು ನಟಿಸಿದ್ದ ಕೆಲವು ಚಿತ್ರಗಳು ಒಂದೊಂದಾಗಿ ಬಿಡುಗಡೆಯಾದವು. ಆಟೊ ನಿಲ್ದಾಣಗಳವರು ಹೂಮಾಲೆ ಹಾಕಿ, ಗಾಂಧಿ ಕ್ಲಾಸಿನ ಟಿಕೆಟು ಕೊಂಡು ಒಳಗೆ ಹೋದರು.